ಕಥೆ ಓದಿದವರು ಕಟ್ಟಿದ ಮನೆ

ಒಂದು ಕಥೆ ಓದಿ ಮುಗಿಸುತ್ತೀರಿ. ಅದು ಮನಸ್ಸಿಗೆ ತುಂಬಾ ಹಿಡಿಸಿದೆ. ಯಾರ ಬಳಿಯಾದರೂ ಅದರ ಕುರಿತು ಮಾತನಾಡಬೇಕೆನಿಸುತ್ತದೆ. ಆದರೆ ಮನೆಯಲ್ಲಿ ಅದನ್ನು ಓದಿದವರಿಲ್ಲ. ಗೆಳೆಯರಿಗೆ ಆಸಕ್ತಿಯಿಲ್ಲ. ನೆರೆಯವರಿಗೆ ಹೇಳಿದರೆ ನಕ್ಕಾರು. ಆಗ ನೀವೇನು ಮಾಡುತ್ತೀರಿ?

ನಮ್ಮಲ್ಲಿ ಹೆಚ್ಚಿನವರು ಪುಸ್ತಕ ಮುಚ್ಚಿಟ್ಟು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಕೆಲವರು ಮಾತ್ರ ಪತ್ರಿಕೆಗೆ ಒಂದು ಪತ್ರ ಬರೆಯುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ಅಮೇರಿಕದಲ್ಲಿ ಕೆಲವು ಹುಡುಗರು ಹೀಗೆಯೇ ಪತ್ರ ಬರೆದರು. ಆ ಪತ್ರಗಳಿಂದ ಒಂದು ಬಳಗ ಹುಟ್ಟಿತು. ಆ ಬಳಗ ನೂರು ಕವಲುಗಳಾಗಿ ಜಗತ್ತಿನಾದ್ಯಂತ ಹರಡಿತು. ಇಂಗ್ಲಿಷಿನಲ್ಲಿ ಅದನ್ನು 'ಫ್ಯಾಂಡಮ್' ಎನ್ನುತ್ತಾರೆ. ನಾವು ಅಭಿಮಾನಿ ಬಳಗ ಎನ್ನೋಣ.

ಇದೆಲ್ಲ ನಮಗೇಕೆ ಎನ್ನುತ್ತೀರಾ? ನಿಮ್ಮ ಮನೆಯ ಹದಿನಾರರ ಹುಡುಗ 'ಸ್ಟಾರ್ ವಾರ್ಸ್' ಚಿತ್ರವಿರುವ ಅಂಗಿ ತೊಟ್ಟು ತಿರುಗುತ್ತಿರಬಹುದು. ಮಗಳು ಜಪಾನಿನ ಯಾವುದೋ ಪಾತ್ರದ ಕುರಿತು ಎಂದೂ ಮುಖ ನೋಡದ ಗೆಳತಿಯೊಂದಿಗೆ ಗಂಟೆಗಟ್ಟಲೆ ಚರ್ಚಿಸುತ್ತಿರಬಹುದು. ಹಾಗಿದ್ದರೆ ಆ ಬಳಗದ ಒಂದು ಕವಲು ನಿಮ್ಮ ಜಗಲಿಗೂ ತಲುಪಿದೆಯೆಂದು ತಿಳಿಯಿರಿ. ಅದರ ಚರಿತ್ರೆಯಲ್ಲಿ ಮೆಚ್ಚುವಂಥದ್ದೂ ಇದೆ, ಎಚ್ಚರಿಸುವಂಥದ್ದೂ ಇದೆ. ಎರಡನ್ನೂ ಹೆತ್ತವರು ತಿಳಿದಿರುವುದು ಒಳ್ಳೆಯದು.

ವಿಳಾಸ ಮುದ್ರಿಸಿದ ಸಂಪಾದಕ

ಇಂದು ಇಲ್ಲದ, ಆದರೆ ವಿಜ್ಞಾನ ಬೆಳೆದರೆ ನಾಳೆ ಇರಬಹುದಾದ ಸಂಗತಿಯನ್ನು ಊಹಿಸಿ ಹೆಣೆದ ಕಥೆಯೇ ವೈಜ್ಞಾನಿಕ ಕಥೆ. ಇದು ಪಾಶ್ಚಾತ್ಯರದ್ದೇ ಸೊತ್ತೆಂದು ಭಾವಿಸಬೇಕಾಗಿಲ್ಲ. 1905ರಲ್ಲೇ ಬಂಗಾಳದ ಬೇಗಂ ರೊಕೆಯಾ ಸಖಾವತ್ ಹುಸೇನ್ ಎಂಬ ಮುಸ್ಲಿಮ್ ಮಹಿಳೆ 'ಸುಲ್ತಾನಾಳ ಕನಸು' ಎಂಬ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದಿದ್ದರು. ಅದು ಮದ್ರಾಸಿನ ಮಹಿಳಾ ಮಾಸಿಕವೊಂದರಲ್ಲಿ ಪ್ರಕಟವಾಗಿತ್ತು. ಆ ಕಥೆಯ ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಗಾಳಿಯಲ್ಲಿ ಹಾರುವ ವಾಹನದಲ್ಲಿ ಸಂಚರಿಸುತ್ತಾರೆ.

ಅಂದರೆ ಕಥೆಗಳು ಹಲವು ಕಡೆ ಇದ್ದವು. ಓದುಗರ ಬಳಗ ಹುಟ್ಟಿದ್ದು ಮಾತ್ರ ಅಮೇರಿಕದಲ್ಲಿ. ಅದಕ್ಕೆ ಕಾರಣರಾದವರು ಹ್ಯೂಗೋ ಗರ್ನ್ಸ್‌ಬ್ಯಾಕ್. ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದಿಂದ 1904ರಲ್ಲಿ ಅಮೇರಿಕಕ್ಕೆ ವಲಸೆ ಬಂದು, ರೇಡಿಯೋ ಬಿಡಿಭಾಗಗಳನ್ನು ಮಾರುತ್ತಾ ಪತ್ರಿಕೋದ್ಯಮಕ್ಕೆ ಇಳಿದವರು ಅವರು. 1926ರ ಏಪ್ರಿಲ್‌ನಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಿಕ ಆರಂಭಿಸಿದರು. ವೈಜ್ಞಾನಿಕ ಕಥೆಗಳಿಗೆಂದೇ ಮೀಸಲಾದ ಮೊದಲ ಇಂಗ್ಲಿಷ್ ಪತ್ರಿಕೆ ಅದು. ಬೆಲೆ 25 ಸೆಂಟ್. ಮುಂದಿನ ವರ್ಷ ಅದರಲ್ಲಿ ಓದುಗರ ಪತ್ರಗಳ ಅಂಕಣ ಬಂತು. ಪತ್ರದ ಕೆಳಗೆ ಬರೆದವರ ಹೆಸರಿನೊಂದಿಗೆ ಪೂರ್ತಿ ವಿಳಾಸವನ್ನೂ ಮುದ್ರಿಸಿದರು.

ಇಷ್ಟು ಚಿಕ್ಕ ಕೆಲಸದಿಂದ ದೊಡ್ಡ ಪರಿಣಾಮವಾಯಿತು. ಯಾವುದೋ ಊರಿನ ಮೂಲೆಯಲ್ಲಿ 'ಈ ಹುಚ್ಚು ನನಗೊಬ್ಬನಿಗೇ' ಎಂದುಕೊಂಡಿದ್ದ ಹುಡುಗನಿಗೆ ತನ್ನಂಥವರು ಇನ್ನೂ ಇದ್ದಾರೆಂದು ತಿಳಿಯಿತು. ಅವರ ಮನೆ ಎಲ್ಲಿದೆ ಎಂಬುದೂ ತಿಳಿಯಿತು. ಪತ್ರಿಕೆಗೆ ಬರೆಯುತ್ತಿದ್ದವರು ಪರಸ್ಪರ ಬರೆಯತೊಡಗಿದರು. ಪತ್ರಗಳಿಂದ ಪರಿಚಯ, ಪರಿಚಯದಿಂದ ಭೇಟಿ, ಭೇಟಿಯಿಂದ ಸಂಘ!

ನ್ಯೂಯಾರ್ಕಿನಲ್ಲಿ 1929ರ ಡಿಸೆಂಬರ್ 11ರಂದು 'ಸಯನ್ಸಿಯರ್ಸ್' ಎಂಬ ಸಂಘ ಸ್ಥಾಪನೆಯಾಯಿತು. ವೈಜ್ಞಾನಿಕ ಕಥೆಗಳ ಓದುಗರ ಮೊತ್ತಮೊದಲ ಸಂಘಗಳಲ್ಲಿ ಅದೂ ಒಂದು. ಸದಸ್ಯರಲ್ಲಿ ಹೆಚ್ಚಿನವರು ಹದಿಹರೆಯದ ಬಿಳಿಯ ಹುಡುಗರು. ಅವರು ತಮ್ಮ ಅಧ್ಯಕ್ಷರನ್ನಾಗಿ ಆರಿಸಿದ್ದು ವಾರೆನ್ ಫಿಟ್ಜ್‌ಜೆರಾಲ್ಡ್ ಎಂಬ ಕಪ್ಪು ಜನಾಂಗದ ವ್ಯಕ್ತಿಯನ್ನು. ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನಲ್ಲಿರುವ ಅವರ ಮನೆಯಲ್ಲೇ ಸಭೆಗಳು ನಡೆಯುತ್ತಿದ್ದುವು. ಅಮೇರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಶಾಲೆ, ಬೇರೆ ಬೇರೆ ಆಸನಗಳಿದ್ದ ಕಾಲವದು ಎಂಬುದನ್ನು ನೆನಪಿಡಿ.

ಸೈಕ್ಲೋಸ್ಟೈಲ್ ಕಾಲದ ಸ್ನೇಹ

ಮಾತು ಹೆಚ್ಚಿದಂತೆ ಪತ್ರಿಕೆಯ ಅಂಕಣದಲ್ಲಿ ಜಾಗ ಸಾಲದಾಯಿತು. ಆಗ ಓದುಗರು ತಮ್ಮದೇ ಕಿರುಪತ್ರಿಕೆಗಳನ್ನು ಹೊರತರತೊಡಗಿದರು. 1930ರ ಮೇ ತಿಂಗಳಲ್ಲಿ ಬಂದ 'ದಿ ಕಾಮೆಟ್' ಇಂತಹ ಮೊದಲ ಪತ್ರಿಕೆಯೆಂದು ಪರಿಗಣಿಸಲಾಗುತ್ತದೆ. ಅದರ ಸಂಪಾದಕರಾಗಿದ್ದ ರೇಮಂಡ್ ಪಾಮರ್ ಎಂಬ ಯುವಕ ಎಂಟು ವರ್ಷಗಳ ಬಳಿಕ 'ಅಮೇಜಿಂಗ್ ಸ್ಟೋರೀಸ್'ಗೇ ಸಂಪಾದಕರಾದರು!

ಜೆಲಾಟಿನ್ ಹಲಗೆಯ ಮೇಲೆ ನೇರಳೆ ಶಾಯಿಯಿಂದ ಪ್ರತಿಯೆತ್ತುವ ವಿಧಾನವಿತ್ತು. ಅದರಲ್ಲಿ ಐವತ್ತರಷ್ಟು ಪ್ರತಿಗಳಾಗುವಾಗ ಅಕ್ಷರ ಮಾಸುತ್ತಿತ್ತು. ಸ್ವಲ್ಪ ಅನುಕೂಲವಿದ್ದವರು ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡುತ್ತಿದ್ದರು. ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆಗಳು ಒಂದು ಕಾಲದಲ್ಲಿ ತಯಾರಾಗುತ್ತಿದ್ದುದು ಹೀಗೆಯೇ. ಆ ಶಾಯಿಯ ವಾಸನೆ ಹಿರಿಯ ಓದುಗರಿಗೆ ಇನ್ನೂ ನೆನಪಿರಬಹುದು.

ಈ ಕಿರುಪತ್ರಿಕೆಗಳನ್ನು ಪಡೆಯಲು ಹೆಚ್ಚಾಗಿ ದುಡ್ಡು ಕೊಡಬೇಕಾಗಿರಲಿಲ್ಲ. ಓದಿ ಅಭಿಪ್ರಾಯ ಬರೆದು ಕಳಿಸಿ, ಇಲ್ಲವೇ ಒಂದು ಲೇಖನ ಅಥವಾ ಚಿತ್ರ ಕೊಡಿ, ಇಲ್ಲವೇ ನಿಮ್ಮ ಪತ್ರಿಕೆಯನ್ನು ನಮಗೆ ಕಳಿಸಿ. ಮುಂದಿನ ಸಂಚಿಕೆ ನಿಮಗೆ ಬರುತ್ತದೆ. ಅಕ್ಷರಕ್ಕೆ ಅಕ್ಷರವೇ ಬೆಲೆ. 1937ರಲ್ಲಿ ಡೊನಾಲ್ಡ್ ವೊಲ್‌ಹೈಮ್ ಎಂಬ ಯುವಕ ಇದಕ್ಕೆ ಇನ್ನೊಂದು ಅಚ್ಚುಕಟ್ಟಾದ ವ್ಯವಸ್ಥೆ ಮಾಡಿದರು. ಸದಸ್ಯರೆಲ್ಲರೂ ತಮ್ಮ ತಮ್ಮ ಪುಟಗಳನ್ನು ಸದಸ್ಯರ ಸಂಖ್ಯೆಗೆ ತಕ್ಕಷ್ಟು ಪ್ರತಿ ಮಾಡಿ ಒಬ್ಬರಿಗೆ ಕಳಿಸುವುದು, ಅವರು ಅವುಗಳನ್ನು ಜೋಡಿಸಿ ಕಟ್ಟು ಮಾಡಿ ಎಲ್ಲರಿಗೂ ಅಂಚೆಯಲ್ಲಿ ರವಾನಿಸುವುದು. ಫ್ಯಾಂಟಸಿ ಅಮೆಚೂರ್ ಪ್ರೆಸ್ ಅಸೋಸಿಯೇಷನ್ ಎಂಬುದು ಆ ಕೂಟದ ಹೆಸರು.

ಇಂತಹ ಕಿರುಪತ್ರಿಕೆಗಳಿಗೆ 'ಫ್ಯಾನ್‌ಜೀನ್' ಎಂಬ ಹೆಸರು ಕೊಟ್ಟವರು ರಸ್ ಶಾವನೆ. ಅದು 1940ರಲ್ಲಿ. ಆ ಪದ ಈಗ ಇಂಗ್ಲಿಷ್ ನಿಘಂಟುಗಳಲ್ಲಿದೆ. ಶಾವನೆ ಬಾಲ್ಯದಲ್ಲೇ ಕಿವಿ ಕೇಳುವ ಶಕ್ತಿ ಕಳೆದುಕೊಂಡವರು. ಸಭೆಯ ಗದ್ದಲದಲ್ಲಿ ಅವರಿಗೆ ಕಷ್ಟವಾಗುತ್ತಿದ್ದಿರಬಹುದು. ಕಾಗದದ ಮೇಲಿನ ಮಾತುಕತೆಯಲ್ಲಿ ಅವರು ಯಾರಿಗೂ ಕಡಿಮೆಯಾಗಿರಲಿಲ್ಲ.

ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಶಾಲಾ ಗೆಳೆಯರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಇಂತಹದೇ ಒಂದು ಕಿರುಪತ್ರಿಕೆ ನಡೆಸುತ್ತಿದ್ದರು. 1933ರಲ್ಲಿ ಅದರಲ್ಲಿ 'ಸೂಪರ್‌ಮ್ಯಾನ್' ಎಂಬ ಹೆಸರಿನ ಪಾತ್ರ ಮೊದಲು ಕಾಣಿಸಿಕೊಂಡಿತು. ಆಗ ಅವನು ಖಳನಾಯಕ. ಅದನ್ನೇ ತಿದ್ದಿ ತೀಡಿ ನಾಯಕನನ್ನಾಗಿ ಮಾಡಿ 1938ರಲ್ಲಿ ಕಾಮಿಕ್ಸ್ ಕಂಪೆನಿಗೆ ಕೊಟ್ಟರು. ಸಿಕ್ಕಿದ್ದು 130 ಡಾಲರ್. ಇಂದು ನಮ್ಮ ಅಂಗನವಾಡಿ ಮಕ್ಕಳ ಬ್ಯಾಗಿನ ಮೇಲೂ ಕಾಣುವ ಆ ಸೂಪರ್‌ಮ್ಯಾನ್‌ನ ತೊಟ್ಟಿಲು ಒಂದು ಓದುಗರ ಕಿರುಪತ್ರಿಕೆ.

ಬಾಗಿಲಲ್ಲಿ ತಡೆಯಲ್ಪಟ್ಟ ಆರು ಮಂದಿ

ಇಷ್ಟು ಕೇಳಿದಾಗ ಬಹಳ ಚಂದ ಎನಿಸುತ್ತದೆ. ಆದರೆ ಮನೆ ಕಟ್ಟಿದ ಮೇಲೆ ಬಾಗಿಲು ಇಡಲೇಬೇಕು. ಬಾಗಿಲಿದ್ದ ಮೇಲೆ ಯಾರನ್ನು ಒಳಗೆ ಬಿಡುವುದು, ಯಾರನ್ನು ಬಿಡದಿರುವುದು ಎಂಬ ಪ್ರಶ್ನೆ ಬರಲೇಬೇಕು. ಈ ಬಳಗದ ಚರಿತ್ರೆಯನ್ನು ಉದ್ದಕ್ಕೂ ಕಾಡಿದ್ದು ಇದೇ ಪ್ರಶ್ನೆ.

1939ರ ಜುಲೈ 2ರಂದು ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ ಆರಂಭವಾಯಿತು. 'ವರ್ಲ್ಡ್‌ಕಾನ್' ಎಂದು ಅದನ್ನು ಕರೆಯುತ್ತಾರೆ. ವಿಶ್ವ ಎಂಬ ಹೆಸರೇನೋ ದೊಡ್ಡದು. ಸೇರಿದವರು ಸುಮಾರು ಇನ್ನೂರು ಮಂದಿ. ಲಾಸ್ ಏಂಜಲಿಸ್‌ನಿಂದ ಬಂದ 18ರ ಹರೆಯದ ರೇ ಬ್ರಾಡ್‌ಬರಿಯ ಬಳಿ ಪ್ರಯಾಣಕ್ಕೆ ಹಣವಿರಲಿಲ್ಲ. ಗೆಳೆಯ ಫಾರೆಸ್ಟ್ ಆಕರ್‌ಮನ್ ಸಾಲ ಕೊಟ್ಟರು. ಆ ಹುಡುಗ ಮುಂದೆ ಜಗತ್ಪ್ರಸಿದ್ಧ ಲೇಖಕನಾದ.

ಅದೇ ದಿನ ಸಭಾಂಗಣದ ಬಾಗಿಲಲ್ಲಿ ಆರು ಮಂದಿಯನ್ನು ತಡೆಯಲಾಯಿತು. ಅವರಲ್ಲಿ ಡೊನಾಲ್ಡ್ ವೊಲ್‌ಹೈಮ್, ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲುತ್ ಇದ್ದರು. 'ಫ್ಯೂಚೂರಿಯನ್ಸ್' ಎಂಬ ಎದುರು ಸಂಘದವರು, ಎಡಪಂಥೀಯ ವಿಚಾರದ ಹುಡುಗರು. ಒಳಗೆ ಬಂದರೆ ಕರಪತ್ರ ಹಂಚಿ ಗದ್ದಲವೆಬ್ಬಿಸುತ್ತಾರೆಂಬ ಭಯ ಸಂಘಟಕರಿಗೆ. ವಿಪರ್ಯಾಸವೆಂದರೆ ಆ ಕರಪತ್ರವನ್ನು ಸಿದ್ಧಪಡಿಸಿದ್ದ ಡೇವಿಡ್ ಕೈಲ್ ಎಂಬವರು ಯಾವ ಅಡ್ಡಿಯೂ ಇಲ್ಲದೆ ಒಳಗೆ ಹೋಗಿದ್ದರು. ಅದೇ ಸಂಘದ 19 ವರ್ಷದ ಐಸಾಕ್ ಅಸಿಮೋವ್ ಕೂಡ ಒಳಗೆ ಹೋದರು. ಹೊರಗುಳಿದವರು ಏನನ್ನೂ ಮಾಡಿರಲಿಲ್ಲ. ಮಾಡಿಯಾರು ಎಂಬ ಸಂಶಯವೇ ಅವರ ಅಪರಾಧವಾಗಿತ್ತು.

ಗಮನಿಸಿ. ತಡೆದವರೂ ಇಪ್ಪತ್ತರ ಆಸುಪಾಸಿನವರು, ತಡೆಯಲ್ಪಟ್ಟವರೂ ಅದೇ ಪ್ರಾಯದವರು. ಇಬ್ಬರನ್ನೂ ಊರಿನವರು ಹುಚ್ಚರೆಂದು ನಗುತ್ತಿದ್ದರು. ಇಬ್ಬರೂ ಓದುತ್ತಿದ್ದುದು ಅವೇ ಕಥೆಗಳನ್ನು. ಹೊರಗಿನ ಲೋಕ ತಮ್ಮನ್ನು ಸೇರಿಸಿಕೊಳ್ಳುವುದಿಲ್ಲವೆಂದು ಕೂಟ ಕಟ್ಟಿದವರು ಹನ್ನೆರಡು ವರ್ಷಗಳೊಳಗೆ ತಮ್ಮವರನ್ನೇ ಹೊರಗಿಟ್ಟರು. ಇದು ವೈಜ್ಞಾನಿಕ ಕಥೆಗಳ ಓದುಗರಿಗೆ ಮಾತ್ರ ಅಂಟಿದ ರೋಗವೇ? ನಮ್ಮೂರ ಸಂಘ ಸಂಸ್ಥೆಗಳನ್ನು ಒಮ್ಮೆ ನೆನೆದು ನೋಡಿ.

ಆ ಆರು ಮಂದಿಯಲ್ಲಿ ವೊಲ್‌ಹೈಮ್ 1971ರಲ್ಲಿ ತಮ್ಮದೇ ಪ್ರಕಾಶನ ಸಂಸ್ಥೆ ಸ್ಥಾಪಿಸಿದರು. ಪೋಲ್ ಹೆಸರಾಂತ ಲೇಖಕರೂ ಸಂಪಾದಕರೂ ಆದರು. 2010ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ, ಅದೇ ವಿಶ್ವ ಸಮ್ಮೇಳನ ಕೊಡುವ ಹ್ಯೂಗೋ ಪ್ರಶಸ್ತಿ ಅವರಿಗೆ ಬಂತು. ಯಾವ ವಿಭಾಗದಲ್ಲಿ ಗೊತ್ತೇ? 'ಉತ್ತಮ ಅಭಿಮಾನಿ ಬರಹಗಾರ' ಎಂಬ ವಿಭಾಗದಲ್ಲಿ. ಬಾಗಿಲಲ್ಲಿ ತಡೆಯಲ್ಪಟ್ಟು 71 ವರ್ಷಗಳ ನಂತರ!

ಕವಲೊಡೆದ ಬಳಗ

ಅದೇ 1939ರ ಸಮ್ಮೇಳನಕ್ಕೆ ಆಕರ್‌ಮನ್ ಮತ್ತು ಅವರ ಗೆಳತಿ ಮರ್ಟಲ್ ಡಗ್ಲಸ್ ಭವಿಷ್ಯಕಾಲದ ಉಡುಪು ತೊಟ್ಟು ಬಂದಿದ್ದರು. ಸಿನಿಮಾವೊಂದನ್ನು ನೋಡಿ ಅವನ್ನು ವಿನ್ಯಾಸ ಮಾಡಿ ಹೊಲಿದವರು ಡಗ್ಲಸ್. ಬಹಳ ಕಾಲ ಹೆಸರು ಬಂದದ್ದು ಮಾತ್ರ ಆಕರ್‌ಮನ್‌ಗೆ. ಹೊಲಿದ ಕೈಗಿಂತ ತೊಟ್ಟ ಮೈ ಹೆಚ್ಚು ನೆನಪಿನಲ್ಲುಳಿಯಿತು. ಮೆಚ್ಚಿದ ಪಾತ್ರದ ವೇಷ ತೊಡುವ ಈ ಹವ್ಯಾಸಕ್ಕೆ 1983ರಲ್ಲಿ ನೊಬುಯುಕಿ ತಕಹಾಶಿ ಜಪಾನಿ ಪತ್ರಿಕೆಯೊಂದರಲ್ಲಿ 'ಕಾಸ್‌ಪ್ಲೇ' ಎಂಬ ಹೆಸರು ಬಳಸಿದರು. ಇಂದು ಜಗತ್ತಿನಾದ್ಯಂತ ಇದೇ ಹೆಸರು. ಮಲೇಷ್ಯದ ಕೆಲವು ಮುಸ್ಲಿಮ್ ಯುವತಿಯರು ಪಾತ್ರದ ತಲೆಗೂದಲಿನ ಬಣ್ಣ, ಆಕಾರಗಳನ್ನು ತಮ್ಮ ಹಿಜಾಬಿನ ಬಟ್ಟೆಯಲ್ಲೇ ಮೂಡಿಸಿ ಈ ಹವ್ಯಾಸದಲ್ಲಿ ತೊಡಗಿದ್ದಾರೆ.

ಹಾಡುವವರದ್ದು ಇನ್ನೊಂದು ಕವಲು. ಜಾನಪದ ಗೀತೆ ಎಂಬ ಅರ್ಥದ 'ಫೋಕ್' ಶಬ್ದವನ್ನು 1950ರ ದಶಕದಲ್ಲಿ ಒಬ್ಬರು ಬೆರಳಚ್ಚಿನ ತಪ್ಪಿನಿಂದ 'ಫಿಲ್ಕ್' ಎಂದು ಬರೆದರು. ತಿದ್ದುವ ಬದಲು ಆ ತಪ್ಪನ್ನೇ ತಮ್ಮ ಹಾಡುಗಳಿಗೆ ಹೆಸರಾಗಿಟ್ಟುಕೊಂಡರು. ಭಾಷೆ ಕಲಿಯುವವರದ್ದು ಮತ್ತೊಂದು ಕವಲು. 'ಸ್ಟಾರ್ ಟ್ರೆಕ್' ಚಿತ್ರಗಳ ಕ್ಲಿಂಗನ್ ಎಂಬ ಕಾಲ್ಪನಿಕ ಜನಾಂಗಕ್ಕಾಗಿ ಭಾಷಾತಜ್ಞ ಮಾರ್ಕ್ ಒಕ್ರಾಂಡ್ ಒಂದು ಭಾಷೆಯನ್ನೇ ರಚಿಸಿ 1985ರಲ್ಲಿ ನಿಘಂಟು ಪ್ರಕಟಿಸಿದರು. ಅಭಿಮಾನಿಗಳು ಆ ಭಾಷೆಗೆ ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕವನ್ನೂ ಅನುವಾದಿಸಿದರು.

ಬಳಗವೆಂಬುದು ಬದುಕಿನ ರೀತಿಯೇ, ಬರೇ ಬಿಡುವಿನ ಹವ್ಯಾಸವೇ ಎಂಬ ಚರ್ಚೆಯೂ ಅವರೊಳಗೆ ಹಳೆಯದು. ಎರಡೂ ಪಕ್ಷಗಳಿಗೆ ಅವರ ಆಡುಭಾಷೆಯಲ್ಲಿ ಚುಟುಕು ಹೆಸರುಗಳಿವೆ. ಬಳಗದ ಗೀಳಿನಿಂದ ಕಳಚಿಕೊಂಡು ದೂರ ಸರಿದವರಿಗೂ ಒಂದು ಹೆಸರಿದೆ. ಗೀಳು ಅತಿಯಾಗಬಹುದು ಎಂಬ ಎಚ್ಚರ ಹೊರಗಿನವರು ಹೇಳುವ ಮೊದಲೇ ಅವರಲ್ಲಿತ್ತು.

ಓದುಗ ಎಂದರೆ ಹುಡುಗನೇ?

1950ರ ಸುಮಾರಿಗೆ ಜಾರ್ಜಿಯಾ ರಾಜ್ಯದ ಸವಾನ್ನಾ ನಗರದಿಂದ 'ಕ್ವಾಂಡ್ರಿ' ಎಂಬ ಕಿರುಪತ್ರಿಕೆ ಬರುತ್ತಿತ್ತು. ಸಂಪಾದಕರು ಲೀ ಹಾಫ್‌ಮನ್. ಜಾಣತನ, ಹಾಸ್ಯ ತುಂಬಿದ ಆ ಪತ್ರಿಕೆ ಬಹುಬೇಗ ಬಳಗದ ಕಣ್ಮಣಿಯಾಯಿತು. 1951ರಲ್ಲಿ ನ್ಯೂ ಆರ್ಲಿಯನ್ಸ್‌ನ ವಿಶ್ವ ಸಮ್ಮೇಳನಕ್ಕೆ ಹಾಫ್‌ಮನ್ ಬಂದಾಗ ಹಿರಿಯ ಸದಸ್ಯರು ದಂಗಾದರು. ಅವರು ಯುವತಿ! ಪತ್ರದಲ್ಲಿ ಅವರೆಂದೂ ಸುಳ್ಳು ಹೇಳಿರಲಿಲ್ಲ. ಇಷ್ಟು ಚೆನ್ನಾಗಿ ಪತ್ರಿಕೆ ನಡೆಸುವವರು ಗಂಡಸೇ ಆಗಿರಬೇಕೆಂದು ಓದಿದವರೇ ಊಹಿಸಿಕೊಂಡಿದ್ದರು.

ಅವರ ಪತ್ರಿಕೆಗೆ ಅಂಕಣ ಬರೆಯುತ್ತಿದ್ದ ವಾಲ್ಟ್ ವಿಲ್ಲಿಸ್ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನವರು. ಅಟ್ಲಾಂಟಿಕ್ ದಾಟಿ ಅಮೇರಿಕಕ್ಕೆ ಬರುವ ಶಕ್ತಿ ಅವರಿಗಿರಲಿಲ್ಲ. ಎಂದೂ ನೋಡದ ಗೆಳೆಯನಿಗಾಗಿ ಅಮೇರಿಕದ ಓದುಗರು ವಂತಿಗೆ ಎತ್ತಿದರು. 1952ರಲ್ಲಿ ವಿಲ್ಲಿಸ್ ಷಿಕಾಗೋ ಸಮ್ಮೇಳನಕ್ಕೆ ಬಂದರು. ಮುಂದಿನ ವರ್ಷ ಅದೇ ಮಾದರಿಯಲ್ಲಿ ಒಂದು ನಿಧಿ ಸ್ಥಾಪನೆಯಾಯಿತು. ಯೂರೋಪಿನ ಒಬ್ಬ ಓದುಗನನ್ನು ಅಮೇರಿಕಕ್ಕೂ ಅಮೇರಿಕದ ಒಬ್ಬ ಓದುಗನನ್ನು ಯೂರೋಪಿಗೂ ಕಳಿಸುವ ನಿಧಿ ಅದು. ಓದುಗರೇ ಮತ ಹಾಕಿ ಆರಿಸುತ್ತಾರೆ, ಓದುಗರೇ ಖರ್ಚು ಭರಿಸುತ್ತಾರೆ.

ಮಹಿಳೆಯರ ಶಕ್ತಿ ಪೂರ್ತಿಯಾಗಿ ಕಂಡದ್ದು 'ಸ್ಟಾರ್ ಟ್ರೆಕ್' ಕಾಲದಲ್ಲಿ. 1966ರಲ್ಲಿ ಅಮೇರಿಕದ ಟಿವಿಯಲ್ಲಿ ಆರಂಭವಾದ ಈ ಧಾರಾವಾಹಿಯನ್ನು ಎರಡು ವರ್ಷಗಳಲ್ಲೇ ನಿಲ್ಲಿಸುತ್ತಾರೆಂಬ ಸುದ್ದಿ ಹಬ್ಬಿತು. ಬಿಜೋ ಟ್ರಿಂಬಲ್ ಎಂಬ ಮಹಿಳೆ ಪತಿ ಜಾನ್ ಜೊತೆ ಸೇರಿ ಓದುಗರ ಹಳೆಯ ವಿಳಾಸ ಪಟ್ಟಿಗಳನ್ನು ಹೊರತೆಗೆದರು. 'ನೀವೊಂದು ಪತ್ರ ಬರೆಯಿರಿ, ಇನ್ನು ಹತ್ತು ಮಂದಿಯಿಂದ ಬರೆಸಿರಿ' ಎಂದು ಮನವಿ ಕಳಿಸಿದರು. ಟಿವಿ ಸಂಸ್ಥೆಗೆ ಒಂದು ಲಕ್ಷಕ್ಕೂ ಮಿಕ್ಕಿ ಪತ್ರಗಳು ಬಂದು ಬಿದ್ದುವು. 1968ರ ಮಾರ್ಚ್ 1ರಂದು ಸಂಸ್ಥೆಯು ಟಿವಿಯಲ್ಲೇ ಘೋಷಿಸಿತು: ಧಾರಾವಾಹಿ ಮುಂದುವರಿಯುವುದು!

ಮೂರನೆಯ ವರ್ಷದ ಬಳಿಕ ಅದು 1969ರಲ್ಲಿ ನಿಂತಿತು ನಿಜ. ಆದರೆ ಅಷ್ಟರಲ್ಲಿ 79 ಕಂತುಗಳಾಗಿದ್ದುವು. ಊರೂರಿನ ಟಿವಿ ಕೇಂದ್ರಗಳು ಮರುಪ್ರಸಾರ ಮಾಡಲು ಅಷ್ಟು ಸಾಕಾಯಿತು. ಮರುಪ್ರಸಾರದಿಂದಲೇ ಅದು ಮನೆಮಾತಾಯಿತು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅದರದ್ದೇ ಪ್ರತ್ಯೇಕ ಸಮ್ಮೇಳನ ನಡೆಯಿತು. ಕೆಲವು ನೂರು ಮಂದಿ ಬಂದಾರೆಂದು ಭಾವಿಸಿದ್ದ ಕಡೆ ಮೂರು ಸಾವಿರಕ್ಕೂ ಹೆಚ್ಚು ಜನ ಬಂದರು. ಅದರ ಸಂಘಟಕರಲ್ಲಿ ಮಹಿಳೆಯರೇ ಮುಂಚೂಣಿಯಲ್ಲಿದ್ದರು. 1976ರಲ್ಲಿ ಅಭಿಮಾನಿಗಳ ಪತ್ರಗಳಿಗೆ ಮಣಿದು ಅಮೇರಿಕ ಸರಕಾರ ತನ್ನ ಮೊದಲ ಸ್ಪೇಸ್ ಶಟಲ್‌ಗೆ ಆ ಕಥೆಯ ನೌಕೆಯ ಹೆಸರನ್ನೇ ಇಟ್ಟಿತು: ಎಂಟರ್‌ಪ್ರೈಸ್. ಪರೀಕ್ಷೆಗಾಗಿ ನಿರ್ಮಿಸಿದ ಅದು ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಈಗ ನ್ಯೂಯಾರ್ಕಿನ ಒಂದು ವಸ್ತುಸಂಗ್ರಹಾಲಯದಲ್ಲಿದೆ.

ಇಷ್ಟಾದರೂ ಹಳೆಯ ಓದುಗರಲ್ಲಿ ಕೆಲವರು ಮೂಗು ಮುರಿದರು. 'ಇವರು ಓದುವವರಲ್ಲ, ಟಿವಿ ನೋಡುವವರು' ಎಂಬ ತಾತ್ಸಾರ. ಹೊಸ ಬಾಗಿಲು, ಅದೇ ಹಳೆಯ ಪ್ರಶ್ನೆ.

ಜಪಾನಿನಲ್ಲೂ ಹೀಗೆಯೇ ಆಯಿತು. ಅಲ್ಲಿನ ಒಂದು ಚಿತ್ರಕಥಾ ಸಮ್ಮೇಳನವು ತನ್ನನ್ನು ಟೀಕಿಸಿದವರಿಗೆ ಪ್ರವೇಶ ನಿರಾಕರಿಸಿತು. ಅದನ್ನು ಪ್ರತಿಭಟಿಸಿದವರು 1975ರ ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ತಮ್ಮದೇ ಸಂತೆ ನಡೆಸಿದರು. ಬಂದದ್ದು 32 ತಂಡಗಳು, ಸುಮಾರು 700 ಜನ. 'ಕೊಮಿಕೆಟ್' ಎಂಬ ಆ ಸಂತೆಗೆ ಈಗ ಲಕ್ಷಗಟ್ಟಲೆ ಜನ ಸೇರುತ್ತಾರೆ.

ಮುಚ್ಚಬೇಕಾಗಿದ್ದ ಬಾಗಿಲು

ಹಾಗಾದರೆ ಯಾರನ್ನೂ ಹೊರಗಿಡಬಾರದು, ಬಾಗಿಲು ಸದಾ ತೆರೆದೇ ಇರಬೇಕು ಎನ್ನೋಣವೇ? ಆತುರ ಬೇಡ. ಈ ಚರಿತ್ರೆಯ ಅತ್ಯಂತ ಕಹಿ ಅಧ್ಯಾಯ ಇಲ್ಲಿದೆ. ಮಕ್ಕಳಿರುವ ಪ್ರತಿಯೊಂದು ಮನೆಯವರೂ ಇದನ್ನು ಓದಬೇಕು.

ವಾಲ್ಟರ್ ಬ್ರೀನ್ ಎಂಬವನು ಅಮೇರಿಕದ ನಾಣ್ಯಗಳ ತಜ್ಞನೆಂದು ಹೆಸರಾದವನು, ಬಳಗದಲ್ಲೂ ಜನಪ್ರಿಯ. 1954ರಲ್ಲೇ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯಕ್ಕಾಗಿ ಅವನಿಗೆ ಶಿಕ್ಷೆಯಾಗಿತ್ತು. 1964ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ನಡೆಯಲಿದ್ದ ವಿಶ್ವ ಸಮ್ಮೇಳನದ ಸಂಘಟಕರು ಸ್ನೇಹಿತರ ಮನೆಗಳಲ್ಲಿ ಮಕ್ಕಳೊಂದಿಗೆ ಅವನ ವರ್ತನೆಯನ್ನು ಕಂಡು, ಅವನಿಗೆ ಪ್ರವೇಶವಿಲ್ಲವೆಂದು ತೀರ್ಮಾನಿಸಿದರು. ಕಾರಣವನ್ನು ಬಿಡಿಸಿ ಬರೆದು ಬಳಗದ ಹಲವರಿಗೆ ತಿಳಿಸಿದರು.

ಬಳಗ ಎರಡು ಹೋಳಾಯಿತು. ಆಶ್ಚರ್ಯವೆಂದರೆ ಬಹಳ ಮಂದಿ ಸಿಟ್ಟಾದದ್ದು ಬ್ರೀನ್‌ನ ಮೇಲಲ್ಲ, ಸಂಘಟಕರ ಮೇಲೆ. ನಮ್ಮವನ ವಿರುದ್ಧ ಅಪಪ್ರಚಾರ, ಖಾಸಗಿ ಬದುಕಿನಲ್ಲಿ ಕೈಹಾಕುವುದು ಸರಿಯೇ, ಒಬ್ಬನನ್ನು ಹೊರಹಾಕುವ ಅಧಿಕಾರ ಯಾರಿಗಿದೆ ಎಂದೆಲ್ಲ ವಾದಗಳು. ಸಮ್ಮೇಳನ ಬಹಿಷ್ಕರಿಸುವ ಬೆದರಿಕೆಗಳು ಬಂದುವು. 1937ರಿಂದ ನಡೆದುಬಂದಿದ್ದ ಆ ಅಂಚೆ ಕೂಟದಲ್ಲಿ ಕೆಲವು ಸದಸ್ಯರು ಅವನ ಹೆಸರಿಗೆ ತಡೆಯೊಡ್ಡಿದಾಗ ಬಹುಮತದವರು ಆ ತಡೆಯನ್ನು ತೆಗೆದುಹಾಕಿದರು. ಹೊರಗಿಡುವುದೇ ಅನ್ಯಾಯವೆಂಬ ಪಾಠವನ್ನು 1939ರಿಂದ ಬಾಯಿಪಾಠ ಮಾಡಿದವರಿಗೆ ಯಾವಾಗ ಹೊರಗಿಡಬೇಕೆಂಬ ವಿವೇಕ ಬರಲಿಲ್ಲ.

ಆ ಮನುಷ್ಯ ಮುಂದೆಯೂ ದಶಕಗಳ ಕಾಲ ಅವರ ನಡುವೆಯೇ ಇದ್ದ. ಕೊನೆಗೆ 1990ರ ದಶಕದ ಆರಂಭದಲ್ಲಿ ಮಕ್ಕಳ ಮೇಲಿನ ದೌರ್ಜನ್ಯಕ್ಕಾಗಿ ನ್ಯಾಯಾಲಯ ಅವನನ್ನು ಜೈಲಿಗೆ ಕಳಿಸಿತು. 1993ರಲ್ಲಿ ಅಲ್ಲೇ ಸತ್ತ. ನಡುವಿನ ವರ್ಷಗಳಲ್ಲಿ ಮಕ್ಕಳು ಅನುಭವಿಸಿದ ನೋವಿಗೆ ಯಾರು ಹೊಣೆ? ಸಂಘಟಕರ ಮಾತು ಕೇಳಿದ್ದರೆ ಎಷ್ಟೋ ಬಾಲ್ಯಗಳು ಉಳಿಯುತ್ತಿದ್ದುವಲ್ಲವೇ?

ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. 1939ರಲ್ಲಿ ಅಭಿಪ್ರಾಯಕ್ಕಾಗಿ ಆರು ಮಂದಿಯನ್ನು ಹೊರಗಿಟ್ಟರು. ಅದು ತಪ್ಪು. 1964ರಲ್ಲಿ ನಡತೆಯ ಕಾರಣಕ್ಕೆ ಹೊರಗಿಟ್ಟವನನ್ನು ಸ್ನೇಹದ ಹೆಸರಿನಲ್ಲಿ ಕಾಪಾಡಿದರು. ಅದು ಇನ್ನೂ ದೊಡ್ಡ ತಪ್ಪು. ಮನುಷ್ಯನ ಬಣ್ಣ, ಲಿಂಗ, ವಿಚಾರ ನೋಡಿ ಬಾಗಿಲು ಮುಚ್ಚಬಾರದು. ಅವನ ಕೈಯಿಂದ ಇತರರಿಗೆ, ಅದರಲ್ಲೂ ದುರ್ಬಲರಿಗೆ, ಆಗುವ ಕೆಡುಕನ್ನು ನೋಡಿ ಮುಚ್ಚದೆಯೂ ಇರಬಾರದು. ಇಂದು ಹೆಚ್ಚಿನ ಸಮ್ಮೇಳನಗಳು ನಡತೆಯ ನಿಯಮಾವಳಿಯನ್ನು ಮೊದಲೇ ಪ್ರಕಟಿಸುತ್ತವೆ. ಮುರಿದವರನ್ನು ಹೊರಗೆ ಕಳಿಸುತ್ತವೆ.

ಕಮಲಾ ಖಾನ್ ಗೆದ್ದ ರಾತ್ರಿ

ಬಣ್ಣದ ವಿಷಯದಲ್ಲಿ ಬಳಗ ಬದಲಾಗಲು ಬಹಳ ಕಾಲ ಹಿಡಿಯಿತು. ಹಾರ್ಲೆಮ್‌ನ ಮನೆಯಲ್ಲಿ ಆರಂಭವಾದ ಪರಂಪರೆ ಅಲ್ಲಿಗೇ ನಿಂತಿತ್ತು. ಕಪ್ಪು ಜನಾಂಗದ ಲೇಖಕ ಸ್ಯಾಮ್ಯುಯೆಲ್ ಡಿಲೇನಿಯವರ ಕಾದಂಬರಿಯೊಂದನ್ನು 1967ರಲ್ಲಿ ಪ್ರಖ್ಯಾತ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ತಿರಸ್ಕರಿಸಿದರು. ಕಪ್ಪು ನಾಯಕನನ್ನು ಓದುಗರು ಒಪ್ಪಲಾರರೆಂಬ ಕಾರಣ ಕೊಟ್ಟರೆಂದು ಡಿಲೇನಿ ಬರೆದಿದ್ದಾರೆ. ಕ್ಯಾಂಪ್‌ಬೆಲ್ ಹೆಸರಿನಲ್ಲಿದ್ದ ಪ್ರಶಸ್ತಿಯ ಹೆಸರನ್ನು 2019ರಲ್ಲಿ ಬದಲಾಯಿಸಲಾಯಿತು.

2015ರಲ್ಲಿ ಇನ್ನೊಂದು ಹೋರಾಟ ನಡೆಯಿತು. ಹ್ಯೂಗೋ ಪ್ರಶಸ್ತಿಯನ್ನು ಸಮ್ಮೇಳನದ ಸದಸ್ಯರೇ ಮತ ಹಾಕಿ ನಿರ್ಧರಿಸುತ್ತಾರೆ. ಮಹಿಳೆಯರಿಗೂ ಬಿಳಿಯರಲ್ಲದವರಿಗೂ ಹೆಚ್ಚು ಮನ್ನಣೆ ಸಿಗುತ್ತಿದೆ, ಹಳೆಯ ಬಗೆಯ ಸಾಹಸ ಕಥೆಗಳನ್ನು ಕಡೆಗಣಿಸಲಾಗುತ್ತಿದೆ ಎಂದು ಅಸಮಾಧಾನಗೊಂಡ ಗುಂಪುಗಳು ಪಟ್ಟಿ ಹಂಚಿ ಒಟ್ಟಾಗಿ ಮತ ಹಾಕಿ ನಾಮನಿರ್ದೇಶನಗಳನ್ನು ತುಂಬಿಸಿಬಿಟ್ಟುವು. ಅಂತಿಮ ಮತದಾನದಲ್ಲಿ ಸುಮಾರು ಆರು ಸಾವಿರ ಸದಸ್ಯರು ಪಾಲ್ಗೊಂಡರು. ಆ ಪಟ್ಟಿಯವರೇ ತುಂಬಿದ್ದ ಐದು ವಿಭಾಗಗಳಲ್ಲಿ 'ಯಾರಿಗೂ ಪ್ರಶಸ್ತಿ ಬೇಡ' ಎಂದು ಮತ ಹಾಕಿದರು.

ಅದೇ ರಾತ್ರಿ ಚೀನಾದ ಲಿಯು ಸಿಷಿನ್ ಅವರ 'ತ್ರೀ ಬಾಡಿ ಪ್ರಾಬ್ಲಮ್' ಉತ್ತಮ ಕಾದಂಬರಿಯೆಂದು ಗೆದ್ದಿತು. ಅನುವಾದಿತ ಕಾದಂಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಉತ್ತಮ ಚಿತ್ರಕಥೆಯ ಪ್ರಶಸ್ತಿ 'ಮಿಸ್ ಮಾರ್ವೆಲ್'ಗೆ ಬಂತು. ಅದರ ನಾಯಕಿ ಕಮಲಾ ಖಾನ್ ನ್ಯೂಜೆರ್ಸಿಯಲ್ಲಿ ಬೆಳೆದ, ಪಾಕಿಸ್ತಾನಿ ಮೂಲದ ಹದಿನಾರರ ಮುಸ್ಲಿಮ್ ಹುಡುಗಿ. ಅದನ್ನು ರೂಪಿಸಿದವರಲ್ಲಿ ಸಂಪಾದಕಿ ಸನಾ ಅಮಾನತ್ ಮತ್ತು ಲೇಖಕಿ ಜಿ. ವಿಲ್ಲೋ ವಿಲ್ಸನ್, ಇಬ್ಬರೂ ಮುಸ್ಲಿಮ್ ಮಹಿಳೆಯರು. ಕಥೆಯಲ್ಲಿ ಕಮಲಾ ಕೂಡ ಒಬ್ಬ ಅಭಿಮಾನಿ. ತಾನು ಮೆಚ್ಚಿದ ವೀರರ ಬಗ್ಗೆ ತಾನೇ ಕಥೆ ಬರೆಯುವವಳು.

ಹೋರಾಟ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಡಿ. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ವಿಶ್ವ ಸಮ್ಮೇಳನ ನಡೆಯಿತು. ಆರ್. ಎಫ್. ಕುವಾಂಗ್ ಅವರ 'ಬೇಬಲ್' ಕಾದಂಬರಿಯೂ ಸೇರಿದಂತೆ ಸಾಕಷ್ಟು ಮತ ಪಡೆದಿದ್ದ ಕೆಲವರನ್ನು ಕಾರಣ ಹೇಳದೆ ಪಟ್ಟಿಯಿಂದ ಕೈಬಿಟ್ಟದ್ದು 2024ರಲ್ಲಿ ಬಯಲಾಯಿತು. ಚೀನಾದ ಬಗ್ಗೆ ಯಾರು ಏನು ಬರೆದಿದ್ದಾರೆಂದು ಅಮೇರಿಕ ಮತ್ತು ಕೆನಡಾದ ಪ್ರಶಸ್ತಿ ನಿರ್ವಾಹಕರೇ ಮಾಹಿತಿ ಕಲೆಹಾಕಿದ್ದರು. 1939ರಲ್ಲಿ ಬಾಗಿಲಲ್ಲಿ ಮನುಷ್ಯರನ್ನು ತಡೆದರು. ಈ ಸಲ ತಡೆದದ್ದು ಸದ್ದಿಲ್ಲದೆ, ಕಾಗದದ ಮೇಲೆ.

ನಮ್ಮ ಜಗಲಿಯಲ್ಲಿ

1970ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಆರಂಭವಾದ ಕಾಮಿಕ್ ಸಮ್ಮೇಳನಕ್ಕೆ ರೇ ಬ್ರಾಡ್‌ಬರಿ ಅತಿಥಿಯಾಗಿ ಹೋಗಿದ್ದರು. ಸಾಲ ಮಾಡಿ ನ್ಯೂಯಾರ್ಕಿಗೆ ಹೋಗಿದ್ದ ಅದೇ ಹುಡುಗ! ಅಂತಹ ಸಮ್ಮೇಳನಗಳ ಮಾದರಿಯಲ್ಲಿ 2011ರಲ್ಲಿ ದಿಲ್ಲಿಯಲ್ಲಿ, 2012ರಲ್ಲಿ ಬೆಂಗಳೂರಿನಲ್ಲಿ ಕಾಮಿಕ್ ಕಾನ್ ನಡೆಯಿತು. ಸೂಪರ್‌ಮ್ಯಾನ್ ವೇಷದ ಕಾಲೇಜು ಹುಡುಗರನ್ನು ಬೆಂಗಳೂರಿನವರು ಆಗಲೇ ಕಂಡಿದ್ದಾರೆ.

ಹಾಗಾದರೆ ಹೆತ್ತವರು ಏನು ಮಾಡಬೇಕು? ಗದರಿಸಿ ಬಿಡಿಸಬೇಕೇ? ಕೋಣೆಯ ಕೂಸು ಕೊಳೆಯಿತು, ಓಣಿಯ ಕೂಸು ಬೆಳೆಯಿತು ಎಂಬ ಗಾದೆ ನಮ್ಮಲ್ಲಿದೆ. ಆಸಕ್ತಿ ಹಂಚಿಕೊಳ್ಳಲು ಜೊತೆ ಹುಡುಕುವುದು ತಪ್ಪಲ್ಲ. ಆದರೆ ಓಣಿ ಎಂಥದ್ದು ಎಂದು ನೋಡುವುದು ಹೆತ್ತವರ ಕರ್ತವ್ಯ. ಅದಕ್ಕಾಗಿ ಮೂರು ಸಂಗತಿಗಳನ್ನು ಗಮನಿಸಿ.

ಒಂದು, ನಿಮ್ಮ ಮಗು ಅಲ್ಲಿ ಏನನ್ನಾದರೂ ಮಾಡುತ್ತಿದೆಯೇ ಅಥವಾ ಬರೇ ಕೊಳ್ಳುತ್ತಿದೆಯೇ? ಹಳೆಯ ಬಳಗದವರು ಬರೆದರು, ಹೊಲಿದರು, ಪ್ರತಿಯೆತ್ತಿದರು, ಭಾಷೆ ಕಲಿತರು. ಈಗಿನ ಕಂಪೆನಿಗಳಿಗೆ ಅಭಿಮಾನಿ ಎಂದರೆ ಗಿರಾಕಿ. ದುಬಾರಿ ಗೊಂಬೆಗಳನ್ನೂ ಅಂಗಿಗಳನ್ನೂ ರಾಶಿ ಹಾಕುವುದು ಅಭಿರುಚಿಯಲ್ಲ. ಅದೇ ಕಥೆಯಿಂದ ಸ್ಫೂರ್ತಿ ಪಡೆದು ಒಂದು ಚಿತ್ರ ಬಿಡಿಸಿದರೆ, ಒಂದು ಪುಟ ಬರೆದರೆ ಅದು ಅಭಿರುಚಿ.

ಎರಡು, ಆ ಗುಂಪಿನಲ್ಲಿ ಬೇರೆ ಅಭಿಪ್ರಾಯದವರಿಗೆ ಜಾಗವಿದೆಯೇ? ಒಬ್ಬನನ್ನು ಎಲ್ಲರೂ ಸೇರಿ ಗೇಲಿ ಮಾಡಿ ಓಡಿಸುವ ಕೂಟವಾದರೆ ನಾಳೆ ನಿಮ್ಮ ಮಗುವಿನ ಸರದಿಯೂ ಬಂದೀತು. ಓಡಿಸುವವರ ಸಾಲಿನಲ್ಲಿ ನಿಮ್ಮ ಮಗುವೇ ಇದ್ದರೆ ಅದು ಇನ್ನೂ ಚಿಂತೆಯ ವಿಷಯ.

ಮೂರು, ಕೆಟ್ಟ ನಡತೆಯವನಿಗೆ ಅಲ್ಲಿ ತಡೆಯಿದೆಯೇ? ನಿಮ್ಮ ಮಗು ಮಾತನಾಡುವ 'ಗೆಳೆಯ' ಯಾರು, ಎಷ್ಟು ಪ್ರಾಯದವನು, ಮನೆಯವರಿಂದ ಗುಟ್ಟಾಗಿಡಲು ಹೇಳುತ್ತಾನೆಯೇ? 'ಅವರು ತುಂಬಾ ಒಳ್ಳೆಯವರು, ಎಲ್ಲರಿಗೂ ಇಷ್ಟ' ಎಂಬುದು ಉತ್ತರವಾಗುವುದಿಲ್ಲ. ಬ್ರೀನ್ ಕೂಡ ಎಲ್ಲರಿಗೂ ಇಷ್ಟವಾದವನೇ ಆಗಿದ್ದ.

ಬಳಗದ ಒಳ್ಳೆಯ ಮುಖವನ್ನೂ ಮಕ್ಕಳಿಗೆ ಹೇಳಿ. 1997ರಲ್ಲಿ ಅಮೇರಿಕದಲ್ಲಿ ಆರಂಭವಾದ '501ನೇ ಲೀಜನ್' ಎಂಬ ಕೂಟದವರು 'ಸ್ಟಾರ್ ವಾರ್ಸ್' ಕಥೆಯ ಖಳಸೈನಿಕರ ವೇಷ ತೊಟ್ಟು ಮಕ್ಕಳ ಆಸ್ಪತ್ರೆಗಳಿಗೆ ಹೋಗುತ್ತಾರೆ, ದಾನಧರ್ಮಕ್ಕಾಗಿ ಹಣ ಸಂಗ್ರಹಿಸುತ್ತಾರೆ. ಅದರ ಸ್ಥಾಪಕರ ಪುಟ್ಟ ಮಗಳಿಗೆ ಮೆದುಳಿನ ಕ್ಯಾನ್ಸರ್ ಆದಾಗ, ತನ್ನನ್ನು ಕಾಯಲು ಆ ಸಿನಿಮಾದಂಥ ರೋಬೋ ಬೇಕೆಂದು ಅವಳು ಆಸೆಪಟ್ಟಳಂತೆ. ಬಳಗದವರು ಗುಲಾಬಿ ಬಣ್ಣದ ರೋಬೋ ಕಟ್ಟಿ, ಅವಳ ಹೆಸರನ್ನು ಹೋಲುವ 'ಆರ್ 2 ಕೆಟಿ' ಎಂಬ ಹೆಸರಿಟ್ಟರು. 2005ರಲ್ಲಿ ಆ ಮಗು ತೀರಿಹೋಯಿತು. ರೋಬೋ ಇತರ ರೋಗಿ ಮಕ್ಕಳ ಬಳಿಗೆ ಹೋಗುತ್ತಾ ಅವರನ್ನು ನಗಿಸತೊಡಗಿತು. 2015ರ 'ಸ್ಟಾರ್ ವಾರ್ಸ್' ಸಿನಿಮಾದಲ್ಲೂ ಅದು ಕಾಣಿಸಿಕೊಂಡಿತು.

ಕೊನೆಯದಾಗಿ ಒಂದು ಮಾತು. ಗರ್ನ್ಸ್‌ಬ್ಯಾಕ್‌ಗೆ ಪತ್ರ ಬರೆದ ಆ ಹುಡುಗರು ಅಪರಿಚಿತರನ್ನು ಹುಡುಕಿಕೊಂಡು ಹೋದದ್ದೇಕೆ? ಮನೆಯಲ್ಲಿ ಆ ಕಥೆಯನ್ನು ಕೇಳುವವರಿರಲಿಲ್ಲ. ನಿಮ್ಮ ಮಗ ಅಥವಾ ಮಗಳು ಈಗ ಓದುತ್ತಿರುವ ಪುಸ್ತಕ ಯಾವುದು? ಅದನ್ನು ಇಂದು ರಾತ್ರಿ ಊಟವಾದ ಮೇಲೆ ಕೇಳಿ ಪಡೆಯಿರಿ. ಹತ್ತು ಪುಟವಾದರೂ ನೀವೂ ಓದಿ. ನಾಳೆ ಬೆಳಿಗ್ಗೆ ಚಹಾ ಕುಡಿಯುವಾಗ ಆ ಕಥೆಯ ಕುರಿತು ಒಂದು ಪ್ರಶ್ನೆ ಕೇಳಿ. ಉಳಿದ ಮಾತನ್ನು ಮಗುವೇ ಮುಂದುವರಿಸುತ್ತದೆ.